ಮಮದಾಪುರದಿಂದ ಕೇಂಬ್ರಿಜ್‌ಗೆ: ಡಾ. ಡಿ. ಸಿ. ಪಾವಟೆಯವರ ಜೀವನ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಾಲೇಜುಗಳಲ್ಲಿ ಓದಿದ ನಮ್ಮಲ್ಲಿ ಅನೇಕರ ಪದವಿ ಪತ್ರ ಬಂದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ. ಆ ವಿಶ್ವವಿದ್ಯಾಲಯದ ವಿಳಾಸ ಪಾವಟೆ ನಗರ. ವಿಳಾಸ ಬರೆದವರು ಬಹಳ ಮಂದಿ ಇದ್ದಾರೆ. ಪಾವಟೆಯವರು ಯಾರೆಂದು ತಿಳಿದವರು ಕಡಿಮೆ. ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಓದಲು ಕಳುಹಿಸಲು ಸಾಲ ಮಾಡುತ್ತಿರುವ ಇಂದಿನ ಕುಟುಂಬಗಳಿಗೆ ಅವರ ಜೀವನದಲ್ಲಿ ತಿಳಿಯಬೇಕಾದದ್ದು ಬಹಳಷ್ಟಿದೆ.

ದಾದಪ್ಪ ಚಿಂತಪ್ಪ ಪಾವಟೆಯವರು ಹುಟ್ಟಿದ್ದು 1899ರ ಆಗಸ್ಟ್ 2ರಂದು, ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ. ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆ ಘಟಪ್ರಭಾ ನದಿಯ ನಾಡು. ಆಗ ಅದು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ನಡೆಯುತ್ತಿತ್ತು, ರೈಲೂ ಬಂದಿತ್ತು. ಆದರೆ ಹಳ್ಳಿಯ ಹುಡುಗರಿಗೆ ಶಿಕ್ಷಣ ದೂರದ ಮಾತಾಗಿತ್ತು. ಪ್ರಾಥಮಿಕ ಶಾಲೆ ಮುಗಿದರೆ ಮುಂದಿನ ಓದಿಗೆ ಊರು ಬಿಡಬೇಕಿತ್ತು.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೂ ಮೊದಲು ಈ ಭಾಗದವರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಹೊಸ ಕಾಲೇಜಿನ ಸೌಲಭ್ಯ ಪಡೆದ ಮೊದಲ ತಲೆಮಾರಿನವರಲ್ಲಿ ಪಾವಟೆಯವರೂ ಒಬ್ಬರು. ಅವರ ಮೆಚ್ಚಿನ ವಿಷಯ ಗಣಿತ.

ಗಣಿತದಲ್ಲಿ ಮುಂದುವರಿಯುವ ಭಾರತೀಯ ವಿದ್ಯಾರ್ಥಿಗಳ ಕಣ್ಣು ಆಗ ಕೇಂಬ್ರಿಜ್ ಮೇಲಿತ್ತು. ಅಲ್ಲಿ ಟ್ರೈಪಾಸ್ ಎಂಬ ಕಠಿಣ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದವರಿಗೆ ರ್‍ಯಾಂಗ್ಲರ್ ಎಂಬ ಗೌರವ ಸಿಗುತ್ತದೆ. ಪಾವಟೆಯವರು ಹುಟ್ಟಿದ ವರ್ಷವೇ, ಅಂದರೆ 1899ರಲ್ಲಿ, ಆರ್. ಪಿ. ಪರಾಂಜಪೆಯವರು ಭಾರತದ ಮೊದಲ ಸೀನಿಯರ್ ರ್‍ಯಾಂಗ್ಲರ್ ಆಗಿದ್ದರು. ಆ ಹೆಸರು ಮುಂಬಯಿ ಪ್ರಾಂತ್ಯದ ಶಾಲೆ ಶಾಲೆಗೂ ಮುಟ್ಟಿತ್ತು.

1920ರ ದಶಕದ ಮಧ್ಯದಲ್ಲಿ ಪಾವಟೆಯವರು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಸೇರಿದರು. 1596ರಲ್ಲಿ ಸ್ಥಾಪನೆಯಾದ ಈ ಕಾಲೇಜು ಆಲಿವರ್ ಕ್ರಾಮ್‌ವೆಲ್ ಓದಿದ ಸ್ಥಳ.

ಆ ಕಾಲದಲ್ಲಿ ಹಳ್ಳಿಯಿಂದ ಹೋದ ವಿದ್ಯಾರ್ಥಿಗೆ ಹಣದ ಲೆಕ್ಕ ಹೇಗಿತ್ತೆಂಬುದನ್ನು ನೋಡಬೇಕು. ಒಂದು ಪೌಂಡಿಗೆ ಸುಮಾರು 13 ರೂಪಾಯಿ. ನೂರು ಪೌಂಡ್ ಬೇಕೆಂದರೆ ಊರಿನಿಂದ 1,300 ರೂಪಾಯಿಗೂ ಹೆಚ್ಚು ಹೋಗಬೇಕು. ಮುಂಬಯಿಯಿಂದ ಹೊರಟ ಹಡಗು ಸೂಯೆಜ್ ದಾಟಿ ಮುಟ್ಟಲು ಎರಡು ಮೂರು ವಾರ. ಹಣ ಬೇಕೆಂದು ಬರೆದ ಕಾಗದಕ್ಕೂ ಅಷ್ಟೇ ದಿನ, ಉತ್ತರಕ್ಕೆ ಮತ್ತೆ ಅಷ್ಟೇ ದಿನ. ಹೀಗಾಗಿ ಕೈಯಲ್ಲಿದ್ದುದರಲ್ಲಿ ಒಂದೆರಡು ತಿಂಗಳು ಸಾಗಿಸುವುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯಲೇಬೇಕಿತ್ತು.

ಕೇಂಬ್ರಿಜ್‌ನಲ್ಲಿ ವರ್ಷಕ್ಕೆ ಮೂರು ಅವಧಿಗಳು. ಪಾಠ ನಡೆಯುವುದು ಪ್ರತಿ ಅವಧಿಯಲ್ಲಿ ಸುಮಾರು ಎಂಟು ವಾರ ಮಾತ್ರ. ಆದರೆ ಹೊಟ್ಟೆಗೆ ರಜೆಯಿಲ್ಲ. ಇಂಗ್ಲಿಷ್ ಹುಡುಗರು ರಜೆಯಲ್ಲಿ ಮನೆಗೆ ಹೋಗುತ್ತಿದ್ದರು. ಭಾರತದವನಿಗೆ ಆ ದಾರಿ ಇರಲಿಲ್ಲ. ಕೋಣೆಯ ಬಾಡಿಗೆ, ಚಳಿಗೆ ಕಲ್ಲಿದ್ದಲು, ಉಣ್ಣೆಯ ಬಟ್ಟೆ, ತೊಡಲೇಬೇಕಾದ ಗೌನು, ಕಾಲೇಜಿನ ಊಟದ ಬಿಲ್ಲು ಎಲ್ಲವೂ ಶುಲ್ಕದ ಮೇಲಿನ ಖರ್ಚುಗಳೇ. ಸಸ್ಯಾಹಾರಿಯಾದರೆ ಊಟದ ತೊಂದರೆ ಇನ್ನೂ ಹೆಚ್ಚು.

ಇಂತಹ ಪರಿಸ್ಥಿತಿಯಲ್ಲಿ ಓದಿ ಪಾವಟೆಯವರು 1927ರಲ್ಲಿ ರ್‍ಯಾಂಗ್ಲರ್ ಆದರು. ಗೋಕಾಕ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಕೇಂಬ್ರಿಜ್‌ವರೆಗೆ ಮುಟ್ಟಿತು.

ಮರಳಿ ಬಂದ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದರು. ನಂತರ ಮುಂಬಯಿ ಸರಕಾರದ ಶಿಕ್ಷಣ ಇಲಾಖೆ ಸೇರಿದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಆ ಪ್ರಾಂತ್ಯದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದರು. ಹಳ್ಳಿ ಶಾಲೆಯಿಂದ ಕಾಲೇಜಿನವರೆಗಿನ ವ್ಯವಸ್ಥೆಯನ್ನು ಒಳಗಿನಿಂದ ಬಲ್ಲವರು ಅವರು.

1954ರಲ್ಲಿ ಅವರು ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ವಿಶ್ವವಿದ್ಯಾಲಯ ಹುಟ್ಟಿ ಆಗ ಐದೇ ವರ್ಷ. ಮುಂದಿನ 13 ವರ್ಷ, 1967ರವರೆಗೆ, ಆ ಹೊಣೆ ಅವರದ್ದೇ. ಧಾರವಾಡದ ಗುಡ್ಡದ ಮೇಲೆ ಕಟ್ಟಡಗಳೆದ್ದವು, ಸ್ನಾತಕೋತ್ತರ ವಿಭಾಗಗಳು ಬೆಳೆದವು, ಗ್ರಂಥಾಲಯ, ವಿದ್ಯಾರ್ಥಿನಿಲಯಗಳು ಬಂದವು. ತಾವು ಏಳು ಸಮುದ್ರ ದಾಟಿ ಪಡೆದದ್ದರಲ್ಲಿ ಸಾಧ್ಯವಾದಷ್ಟನ್ನು ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರದ ಮಕ್ಕಳಿಗೆ ಒಂದು ದಿನದ ಬಸ್ ಪ್ರಯಾಣದ ದೂರದಲ್ಲಿ ಒದಗಿಸಿದರು. ಅವರ ವಿದೇಶ ವ್ಯಾಸಂಗಕ್ಕೆ ತಗಲಿದ ಖರ್ಚು ನಾಡಿಗೆ ಹಿಂದಿರುಗಿದ್ದು ಹೀಗೆ.

1967ರಲ್ಲಿ ಅವರು ಪಂಜಾಬಿನ ರಾಜ್ಯಪಾಲರಾದರು. 1973ರವರೆಗೆ ಆ ಸ್ಥಾನದಲ್ಲಿದ್ದರು. ಸರಕಾರಗಳು ಬೀಳುತ್ತ ಏಳುತ್ತ ಇದ್ದ ಕಷ್ಟದ ಕಾಲ ಅದು. 1968ರ ಬಜೆಟ್ ಬಿಕ್ಕಟ್ಟಿನಲ್ಲಿ ಅವರು ಕೈಗೊಂಡ ಕ್ರಮವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಶಿಕ್ಷಣ ಆಡಳಿತದ ನೆನಪುಗಳನ್ನು 1964ರಲ್ಲಿ, ರಾಜ್ಯಪಾಲರಾಗಿದ್ದ ದಿನಗಳ ನೆನಪುಗಳನ್ನು 1974ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1970ರ ದಶಕದ ಕೊನೆಗೆ ಅವರು ನಿಧನರಾದರು.

ಪಾವಟೆಯವರ ನಂತರ ಅವರ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಏರ್ಪಟ್ಟಿತು. ಅದರ ಫೆಲೋಶಿಪ್ ಪಡೆದ ನಮ್ಮ ನಾಡಿನ ಯುವಕ ಯುವತಿಯರು ಕೆಲವು ತಿಂಗಳ ಮಟ್ಟಿಗೆ ಕೇಂಬ್ರಿಜ್‌ಗೆ, ಪಾವಟೆಯವರು ಓದಿದ ಅದೇ ಸಿಡ್ನಿ ಸಸೆಕ್ಸ್ ಕಾಲೇಜಿಗೆ, ಹೋಗಿ ಬಂದಿದ್ದಾರೆ. ಮನೆಯ ಜಮೀನು ಅಡವಿಡದೆ, ಒಂದು ಅವಧಿ ಅಲ್ಲಿದ್ದು, ಕಲಿತು, ಮರಳಿ ಬರುವ ದಾರಿ ಇದು.

ಇಂದು ನಮ್ಮ ಕರಾವಳಿಯ ಧರ್ಮಕೇಂದ್ರಗಳಿಂದಲೂ ಮಕ್ಕಳು ಓದಲು ಹೊರದೇಶಕ್ಕೆ ಹೋಗುತ್ತಿದ್ದಾರೆ. ಕೆಲವರದು ಪೂರ್ಣ ಪದವಿ, ಕೆಲವರದು ಒಂದೇ ಸೆಮಿಸ್ಟರ್. ಬ್ಯಾಂಕ್ ಸಾಲ ಶುಲ್ಕಕ್ಕೆ ಸಾಕಾಗಬಹುದು. ಆದರೆ ಮನೆಯ ಮುಂಗಡ, ಚಳಿಯ ಬಟ್ಟೆ, ರಜೆಯ ತಿಂಗಳುಗಳ ಊಟ, ರೂಪಾಯಿ ಬೆಲೆ ಇಳಿದಾಗ ಆಗುವ ನಷ್ಟ, ಇವು ಹೊರಡುವ ಮೊದಲು ಲೆಕ್ಕಕ್ಕೆ ಬರುವುದಿಲ್ಲ. ನೂರು ವರ್ಷದ ಹಿಂದೆ ವಿದ್ಯಾರ್ಥಿಗಳನ್ನು ಕಾಡಿದ ಖರ್ಚುಗಳೂ ಇವೇ. ಹಿರಿಯರು ಮಕ್ಕಳೊಡನೆ ಕುಳಿತು ಈ ಲೆಕ್ಕವನ್ನು ಮೊದಲೇ ಬರೆದಿಡುವುದು ಒಳ್ಳೆಯದು. ವಿದ್ಯಾನಿಧಿ ನಡೆಸುವ ಸಂಘಗಳೂ ಶುಲ್ಕದ ಜೊತೆಗೆ ಈ ಸಣ್ಣ ಖರ್ಚುಗಳತ್ತ ಗಮನ ಕೊಟ್ಟರೆ, ಪ್ರತಿಭೆಯಿದ್ದೂ ಹಣವಿಲ್ಲದ ಒಂದು ಮಗುವಿಗಾದರೂ ದಾರಿಯಾದೀತು.