ಗುರುವಿಗೆ ತಿಳಿಸದ ಸುದ್ದಿ

ಪಾಶ್ಚಾತ್ಯ ಸಂಗೀತ ಲೋಕದಲ್ಲಿ ವಾದ್ಯವೃಂದ ನಿರ್ದೇಶಕರಾಗಿ ಜಗದ್ವಿಖ್ಯಾತರಾದ ಆರ್ಟುರೊ ಟೊಸ್ಕಾನಿನಿಯವರು ಶಿಸ್ತಿಗೂ ಮುಂಗೋಪಕ್ಕೂ ಹೆಸರಾದವರು. ವಾದಕರು ಒಂದು ಸ್ವರ ತಪ್ಪಿದರೂ ಸಹಿಸದ ಈ ಹಿರಿಯರ ಮನವನ್ನು ಇಳಿವಯಸ್ಸಿನಲ್ಲಿ ಗೆದ್ದ ತರುಣರೇ ಗ್ವೀಡೊ ಕಾಂಟೆಲ್ಲಿ.

ಕಾಂಟೆಲ್ಲಿಯವರು 1920ರ ಏಪ್ರಿಲ್ 27ರಂದು ಇಟಲಿಯ ನೊವಾರಾ ಪಟ್ಟಣದಲ್ಲಿ ಜನಿಸಿದರು. ತಂದೆ ಸೇನೆಯ ಬ್ಯಾಂಡ್ ಮೇಳದ ಮುಖ್ಯಸ್ಥರು. ಮಿಲಾನಿನಲ್ಲಿ ಸಂಗೀತಾಭ್ಯಾಸ ಮಾಡಿದ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳನ್ನು ವಿರೋಧಿಸಿ ಜರ್ಮನರ ಶ್ರಮಶಿಬಿರ ಸೇರಬೇಕಾಯಿತು. ಅಲ್ಲಿ ರೋಗಪೀಡಿತರಾಗಿ, ಹೇಗೋ ಪಾರಾಗಿ ತಾಯ್ನಾಡಿಗೆ ಮರಳಿದರು.

1948ರಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಅವರ ನಿರ್ದೇಶನವನ್ನು ಕೇಳಿದ ಟೊಸ್ಕಾನಿನಿಯವರಿಗೆ ಆಗ 81 ವರ್ಷ, ಕಾಂಟೆಲ್ಲಿಯವರಿಗೆ 28. ಹಿರಿಯರು ತಡಮಾಡಲಿಲ್ಲ. 1949ರ ಜನವರಿಯಲ್ಲಿಯೇ ನ್ಯೂಯಾರ್ಕಿನ ತಮ್ಮ ಎನ್.ಬಿ.ಸಿ. ವಾದ್ಯವೃಂದವನ್ನು ಈ ಯುವಕರ ಕೈಗೊಪ್ಪಿಸಿದರು. ಅಲ್ಲಿ ದೊರೆತ ಯಶಸ್ಸನ್ನು ಕಾಂಟೆಲ್ಲಿಯವರ ಪತ್ನಿ ಐರಿಸ್ ಅವರಿಗೆ ಪತ್ರ ಮುಖೇನ ತಿಳಿಸಿದವರೂ ಗುರುಗಳೇ. ತಮ್ಮಂತೆಯೇ ವಾದಕರೂ ಅವರ ಪತಿಯನ್ನು ಪ್ರೀತಿಸುತ್ತಿರುವರೆಂದೂ, ತಮ್ಮ ದೀರ್ಘ ವೃತ್ತಿಜೀವನದಲ್ಲಿ ಇಂತಹ ಪ್ರತಿಭಾವಂತ ತರುಣನನ್ನು ಕಂಡದ್ದು ಇದೇ ಮೊದಲೆಂದೂ ಆ ಪತ್ರದಲ್ಲಿ ಬರೆದರು. ಸುಲಭವಾಗಿ ಮೆಚ್ಚದವರು ಬರೆದ ಮಾತಿಗೆ ತೂಕ ಹೆಚ್ಚು.

ಗುರುವಿನಂತೆ ಶಿಷ್ಯರೂ ಸ್ವರಲಿಪಿಯನ್ನು ಕಂಠಸ್ಥ ಮಾಡಿಕೊಂಡೇ ನಿರ್ದೇಶಿಸುತ್ತಿದ್ದರು. 1956ರ ನವೆಂಬರ್ ತಿಂಗಳಲ್ಲಿ, ಹಿಂದೆ ಗುರುಗಳು ಅಲಂಕರಿಸಿದ್ದ ಲಾ ಸ್ಕಾಲಾದ ಸಂಗೀತ ನಿರ್ದೇಶಕ ಪದವಿ ಅವರನ್ನು ಅರಸಿ ಬಂದಿತು. ಅದರ ಸಂಭ್ರಮ ಒಂದು ವಾರ ಮಾತ್ರ. ನವೆಂಬರ್ 24ರಂದು ನ್ಯೂಯಾರ್ಕಿಗೆ ಹೊರಟಿದ್ದ ಅವರ ವಿಮಾನವು ಪ್ಯಾರಿಸಿನ ಓರ್ಲಿ ನಿಲ್ದಾಣದಿಂದ ಮೇಲೇರಿದೊಡನೆಯೇ ಉರುಳಿತು. ಅವರಿಗೆ ಆಗ ಕೇವಲ 36 ವರ್ಷ. ಮಡದಿಯನ್ನೂ ಹಾಲುಗಲ್ಲದ ಮಗನನ್ನೂ ಅಗಲಿದರು. ಲಂಡನ್ನಿನಲ್ಲಿ ಧ್ವನಿಮುದ್ರಣಗೊಳ್ಳುತ್ತಿದ್ದ ಬೀಥೋವನ್ ಅವರ ಐದನೆಯ ಸಿಂಫನಿಯ ಮೊದಲ ಭಾಗ ಹಾಗೆಯೇ ಬಾಕಿ ಉಳಿಯಿತು.

ಈ ದುರ್ವಾರ್ತೆಯನ್ನು 89ರ ವೃದ್ಧರಿಗೆ ಹೇಳುವ ಧೈರ್ಯ ಆಪ್ತರಿಗೆ ಬರಲಿಲ್ಲ; ಮುಚ್ಚಿಟ್ಟರು. 1957ರ ಜನವರಿ 16ರಂದು, ಶಿಷ್ಯನ ಮರಣವನ್ನರಿಯದೆಯೇ, ಟೊಸ್ಕಾನಿನಿ ಕಣ್ಮುಚ್ಚಿದರು. ಪ್ರೀತಿಯಿಂದ ಮರೆಮಾಚಿದ್ದು ಸರಿಯೇ, ತಪ್ಪೇ? ಮನೆಯಲ್ಲಿ ವೃದ್ಧರಿರುವ ಪ್ರತಿಯೊಂದು ಕುಟುಂಬವೂ ಬಲ್ಲ ಪ್ರಶ್ನೆಯಿದು.

ಕಾಂಟೆಲ್ಲಿಯವರ ನೆನಪಿಗಾಗಿ ಯುವ ನಿರ್ದೇಶಕರ ಸ್ಪರ್ಧೆಯೊಂದು ಆರಂಭವಾಯಿತು. 1967ರಲ್ಲಿ ಅದನ್ನು ಗೆದ್ದವರು ರಿಕಾರ್ಡೊ ಮೂತಿ. ಕಾಂಟೆಲ್ಲಿಯವರು ಅಲಂಕರಿಸಲಾಗದ ಲಾ ಸ್ಕಾಲಾ ಪದವಿಯನ್ನು 1986ರಿಂದ 2005ರವರೆಗೆ ನಿರ್ವಹಿಸಿದವರು ಅವರೇ. ಹಿರಿಯರು ನೀಡಿದ ಪ್ರೋತ್ಸಾಹವು ಹೀಗೆ ಮತ್ತೊಂದು ತಲೆಮಾರಿಗೆ ಫಲ ನೀಡಿತು.