ಎರಡು ಗ್ರಂಥಗಳ ನಡುವೆ ಬನಾರಸೀದಾಸರು

ಕವಿ ಬನಾರಸೀದಾಸರು 1586ರಲ್ಲಿ ಜೌನ್‌ಪುರದ ಜೈನ ವರ್ತಕ ಕುಟುಂಬದಲ್ಲಿ ಜನಿಸಿದರು. ಹದಿಹರೆಯದಲ್ಲಿ ಶೃಂಗಾರಪ್ರಧಾನವಾದ ಕಾವ್ಯವೊಂದನ್ನು ರಚಿಸಿ, ಮುಂದೆ ಅದರ ಪೊಳ್ಳುತನ ಮನಗಂಡು ಗೋಮತಿ ನದಿಗೆ ಎಸೆದರು. ಅಂದಿನಿಂದ ಪೂಜೆ, ವ್ರತ, ಸಾಮಾಯಿಕಗಳಲ್ಲಿ ಅವರ ಶ್ರದ್ಧೆ ನೆಲೆಗೊಂಡಿತು.

ಸುಮಾರು 1623ರಲ್ಲಿ ಪರಿಚಿತರೊಬ್ಬರು ಕುಂದಕುಂದಾಚಾರ್ಯರ ಸಮಯಸಾರವನ್ನು ರಾಜಮಲ್ಲರ ದೇಶಭಾಷೆಯ ಟೀಕೆಯೊಡನೆ ಅವರ ಕೈಗಿತ್ತರು. ನಿಶ್ಚಯನಯದಲ್ಲಿ ಆತ್ಮವು ಸದಾ ಶುದ್ಧವೆಂಬ ನೋಟ ಅವರ ಜಗತ್ತನ್ನೇ ಬದಲಿಸಿತು. ಆದರೆ ಅದರ ಮರ್ಮವನ್ನು ಬಿಡಿಸಿ ಹೇಳುವ ಗುರುವಿರಲಿಲ್ಲ. ಆತ್ಮಕ್ಕೆ ಬಂಧವೇ ಇಲ್ಲವೆಂದ ಮೇಲೆ ಆಚರಣೆಯೇಕೆ ಎಂದು ಬಗೆದು ಪೂಜೆ, ವ್ರತಗಳನ್ನು ತೊರೆದರು, ನೈವೇದ್ಯವನ್ನೂ ತಿಂದರು. ಮೂವರು ಗೆಳೆಯರೊಡನೆ ಕೋಣೆಯೊಳಗೆ ವಸ್ತ್ರ ಕಳಚಿ ಕುಣಿದು, ತಾವೂ ಮುನಿಗಳೆಂದರು. ಜನರು ಹಳಿದರು. ಹಳೆಯ ದಾರಿ ಬಿಟ್ಟುಹೋಗಿತ್ತು. ಹೊಸ ದಾರಿ ಕಾಣಲಿಲ್ಲ.

ಹೀಗೆ ಹನ್ನೆರಡು ವರ್ಷಗಳು ಕಳೆದವು. 1635ರಲ್ಲಿ ಪಂಡಿತ ರೂಪಚಂದರು ಆಗ್ರಾ ನಗರಕ್ಕೆ ಬಂದು ಗೊಮ್ಮಟಸಾರವನ್ನು ವಿವರಿಸತೊಡಗಿದರು. ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗ್ರಂಥವದು. ಅದರಲ್ಲಿ ಮಿಥ್ಯಾತ್ವದಿಂದ ಅಯೋಗಕೇವಲಿಯವರೆಗೆ ಹದಿನಾಲ್ಕು ಗುಣಸ್ಥಾನಗಳಿವೆ. ಅಣುವ್ರತ ಪಾಲಿಸುವ ಶ್ರಾವಕನದು ಐದನೆಯದು. ಮುನಿಯ ನೆಲೆ ಆರರಿಂದ ಆರಂಭ. ಪ್ರತಿಯೊಂದು ನೆಲೆಗೂ ತಕ್ಕ ಆಚರಣೆಯುಂಟು.

ಬನಾರಸೀದಾಸರ ಕಣ್ಣು ತೆರೆಯಿತು. ಸಮಯಸಾರ ತೋರಿದ್ದು ಶಿಖರವನ್ನು. ತಾವು ನಿಂತಿದ್ದುದು ಕೆಳಗಿನ ಮೆಟ್ಟಿಲಲ್ಲಿ. ನಿಶ್ಚಯ ಗುರಿಯಾದರೆ ವ್ಯವಹಾರ ಅದರ ದಾರಿ. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಅದು ಏಕಾಂತ. ಗ್ರಂಥಗಳಲ್ಲಿ ವಿರೋಧವಿರಲಿಲ್ಲ, ಓದಿನಲ್ಲಿ ಕೊರತೆಯಿತ್ತು.

ತಮ್ಮನ್ನು ದಾರಿತಪ್ಪಿಸಿತೆಂದು ಅವರು ಸಮಯಸಾರವನ್ನು ದೂರವಿಡಲಿಲ್ಲ. ಮರುವರ್ಷವೇ, 1636ರಲ್ಲಿ, ಅದನ್ನಾಧರಿಸಿ ಜನರಾಡುವ ಮಾತಿನಲ್ಲಿ ಸಮಯಸಾರ ನಾಟಕವನ್ನು ರಚಿಸಿದರು. ಒಂಬತ್ತು ಮಕ್ಕಳನ್ನು ಕಳೆದುಕೊಂಡ ದುಃಖವನ್ನು ಹೊತ್ತು, 1641ರಲ್ಲಿ ಅರ್ಧಕಥಾನಕವೆಂಬ ಆತ್ಮಕಥೆಯನ್ನು ಬರೆದರು. ಅದರಲ್ಲಿ ಕೋಣೆಯೊಳಗಿನ ಆ ಕುಣಿತವನ್ನೂ ಮರೆಮಾಚಲಿಲ್ಲ. ಮಾಡಿದ ತಪ್ಪನ್ನು ಒಪ್ಪಿಕೊಳ್ಳುವ ಆಲೋಚನೆಗಿಂತ ದೊಡ್ಡ ಸ್ವಾಧ್ಯಾಯಫಲ ಶ್ರಾವಕನಿಗೆ ಬೇರೆ ಯಾವುದು?