ಮರಕ್ಕೆ ದಾರಿ ಬಿಟ್ಟ ಗೋಡೆ

ನವಲಗುಂದ, ಅಣ್ಣಿಗೇರಿ ಕಡೆ ಹೊಸ ಮನೆ ಅಂದ್ರೆ ಮೊದಲು ಸೈಟ್ ಕ್ಲೀನ್ ಆಗಬೇಕು. ಅಂದ್ರೆ ಹಿತ್ತಲದ ಬೇವಿನ ಗಿಡ ಹೋಗಬೇಕು. ಪ್ಲಾನ್ ಬರೋದು ಆಮೇಲೆ. ಡ್ರಾಯಿಂಗ್ ಕ್ಲಾಸಿನಲ್ಲಿ ನಾವೂ ಖಾಲಿ ಚೌಕದಿಂದಲೇ ಶುರು ಮಾಡ್ತೀವಿ. ಈ ಕ್ರಮವನ್ನೇ ತಿರುವಿ ಹಾಕಿದವರು ಲಾರಿ ಬೇಕರ್.

ಬೇಕರ್ 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, ಅಲ್ಲೇ ಆರ್ಕಿಟೆಕ್ಚರ್ ಓದಿದರು. ಯುದ್ಧಕಾಲದಲ್ಲಿ ಚೀನಾದಲ್ಲಿ ರೋಗಿಗಳ ಸೇವೆ ಮಾಡಿದರು. ಊರಿಗೆ ಮರಳುವ ಹಡಗಿಗಾಗಿ ಮುಂಬೈಯಲ್ಲಿ ಕಾಯ್ತಿದ್ದಾಗ ಗಾಂಧೀಜಿಯ ಭೇಟಿಯಾಯ್ತು. 1945ರಲ್ಲಿ ಮತ್ತೆ ಭಾರತಕ್ಕೆ ಬಂದು ಕುಷ್ಠರೋಗಿಗಳ ಆಸ್ಪತ್ರೆ ಕಟ್ಟೋ ಕೆಲಸಕ್ಕಿಳಿದರು. ಡಾಕ್ಟರ್ ಎಲಿಜಬೆತ್ ಅವರನ್ನು ಮದುವೆಯಾಗಿ ಹಿಮಾಲಯದ ಪಿಥೋರಗಢದಲ್ಲಿ ಸುಮಾರು 16 ವರ್ಷ ಇದ್ದರು. ಕಾಲೇಜಿನಲ್ಲಿ ಕಲಿತದ್ದು ಸಾಲದು ಅಂತ ಅಲ್ಲಿಯ ಹಳ್ಳಿಮನೆಗಳನ್ನು ನೋಡಿ ಅರ್ಥವಾಯ್ತಂತೆ. (ಇದನ್ನೋದಿ ನಮಗಂತೂ ಸಮಾಧಾನ!) 1963ರಲ್ಲಿ ಕೇರಳಕ್ಕೆ ಬಂದರು, ಆಮೇಲೆ ತಿರುವನಂತಪುರದಲ್ಲಿ ನೆಲೆಸಿದರು.

ಅವರು ಮೊದಲು ಸೈಟಿಗೆ ಹೋಗಿ ಮರ, ಬಂಡೆ, ಇಳಿಜಾರು, ಗಾಳಿಯ ದಿಕ್ಕು ನೋಡ್ತಿದ್ದರು. ಮರ ಅಡ್ಡ ಬಂದ್ರೆ ಗೋಡೆ ಬಾಗಬೇಕು, ಇಲ್ಲಾಂದ್ರೆ ಆ ಮರವೇ ಒಳಾಂಗಣಕ್ಕೆ ಸೇರಬೇಕು. ಬಾಗಿದ ಗೋಡೆ ಬರೀ ಚಂದಕ್ಕಲ್ಲ. ಕಾಗದದ ಹಾಳೆ ನೆಟ್ಟಗೆ ನಿಲ್ಲೋಲ್ಲ, ಬಾಗಿಸಿದ್ರೆ ನಿಲ್ಲುತ್ತೆ; ಗೋಡೆಯದ್ದೂ ಅದೇ ಲೆಕ್ಕ. ಇಟ್ಟಿಗೆಯನ್ನು ಮಲಗಿಸದೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟೋ ರ‍್ಯಾಟ್ ಟ್ರ್ಯಾಪ್ ಬಾಂಡ್‌ನಿಂದ ಸುಮಾರು 25% ಇಟ್ಟಿಗೆ ಉಳಿಯುತ್ತೆ, ಪೊಳ್ಳು ಬಿಸಿಲನ್ನು ತಡೆಯುತ್ತೆ. ಒಳಾಂಗಣ ನಮಗೇನು ಹೊಸದಲ್ಲ, ನಮ್ಮ ಹಳೇ ವಾಡೆಗಳಲ್ಲೂ ಗಾಳಿ ಬೆಳಕು ಬರೋದು ಅಲ್ಲಿಂದಲೇ.

ಬೇಕರ್ ಅವರಿಗೆ 1990ರಲ್ಲಿ ಪದ್ಮಶ್ರೀ ಬಂತು. 2007ರ ಏಪ್ರಿಲ್ 1ರಂದು, 90ನೇ ವಯಸ್ಸಿನಲ್ಲಿ, ತಿರುವನಂತಪುರದಲ್ಲೇ ತೀರಿಕೊಂಡರು.

ಆದ್ರೆ ಅವರ ಪ್ಲಾನನ್ನು ಹಾಗೇ ತಂದು ನವಲಗುಂದದಲ್ಲಿ ಇಟ್ಟರೆ ಕೆಟ್ಟೀತು. ಕಲಘಟಗಿಯ ಕೆಂಪು ಮಣ್ಣಿನಲ್ಲಿ ನಡೆಯೋದು ಇಲ್ಲಿಯ ಎರಿ ಮಣ್ಣಿನಲ್ಲಿ ನಡೆಯೋಲ್ಲ. ಬೇಸಿಗೆಯಲ್ಲಿ ಬೇವಿನ ಬೇರು ನೀರು ಎಳೆದಂತೆ ಮಣ್ಣು ಕುಗ್ಗುತ್ತೆ, ಮಳೆಗೆ ಉಬ್ಬುತ್ತೆ, ಹತ್ತಿರದ ಗೋಡೆ ಬಿರಿಯುತ್ತೆ. ಹಾಗಾಗಿ ಇಲ್ಲಿ ಗೋಡೆ ಗಿಡವನ್ನು ತಬ್ಬಬಾರದು. ಅಂಗಳ ದೊಡ್ಡದಿರಬೇಕು, ಗಿಡ ಅದರ ನಡುವೆ ಇರಬೇಕು, ಬುನಾದಿ ಉಬ್ಬೋ ಪದರದ ಕೆಳಗೆ ಇಳಿಯಬೇಕು. ಖರ್ಚು ಹೆಚ್ಚೇ. ಹಂಗಂತ ಗಿಡ ಕಡಿದ್ರೆ ಸಮಸ್ಯೆ ಮುಗೀತು ಅನ್ನೋ ಹಾಗೂ ಇಲ್ಲ. ಅದು ಕುಡೀತಿದ್ದ ನೀರು ಮಣ್ಣಿನಲ್ಲೇ ಉಳಿದು, ಮುಂದೆ ಕೆಲವು ವರ್ಷ ನೆಲ ಮೇಲೇಳುತ್ತೆ, ಹೊಸ ಮನೆ ಸಮೇತ.